ಕ್ಷಮಿಸುವ ಪಾತ್ರ ಯಾವಾಗಲೂ ಆಕೆಯದೇ?

ಸುಗ್ಗಿ ಮುಗಿದು ಜಾತ್ರೆಗಳು ಸುರುವಾದರೆ ಸಾಕು, ಕೊಡೇಕಲ್, ಹುಣಸಗಿ, ಕೆಂಭಾವಿ ಸೀಮೆಯ ಗೋಡೆಗಳ ಮೇಲೆ ಸಾಮಾಜಿಕ ನಾಟಕದ ಹ್ಯಾಂಡ್‌ಬಿಲ್ಲುಗಳು ಬೀಳುತ್ತವೆ. ಒಂದು ಹೆಸರು ಸಾಲದೆಂದು ‘ಅರ್ಥಾತ್’ ಹಾಕಿ ಇನ್ನೊಂದು ಹೆಸರು. ಕಥೆ ಬಹುಮಟ್ಟಿಗೆ ಗೊತ್ತಿರುವುದೇ: ಸಾಲ ಕೊಟ್ಟ ಗೌಡ, ಬಡ್ಡಿಗೆ ಹೊಲ ಬರೆದುಕೊಟ್ಟ ಅಣ್ಣ, ಕುಡಿತಕ್ಕೆ ಬಿದ್ದ ತಮ್ಮ, ಮದುವೆಗೆ ಬಂದ ತಂಗಿ, ಎಲ್ಲರೂ ಉಂಡ ಮೇಲೆ ಗಡಿಗೆಯ ತಳ ನೋಡುವ ಅತ್ತಿಗೆ.

ಇದನ್ನು ಹಳಸಲು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆಡುವವರು ಹಗಲೆಲ್ಲ ದುಡಿದು ರಾತ್ರಿ ಪೇಟಿ ಮಾಸ್ತರರ ಮುಂದೆ ತಾಲೀಮಿಗೆ ನಿಲ್ಲುವ ಕೂಲಿಗಳು, ಹಮಾಲರು, ಟ್ರ್ಯಾಕ್ಟರ್ ಚಾಲಕರು. ಕೈಯಿಂದ ಪಟ್ಟಿ ಹಾಕಿ ಪಾತ್ರ ಮಾಡುವವರು. ನೋಡುವವರಲ್ಲಿ ಬೆಂಗಳೂರು, ಪುಣೆ ಕಡೆಗೆ ಗುಳೆ ಹೋಗಿ ಜಾತ್ರೆಗೆಂದು ತಿರುಗಿ ಬಂದವರಿದ್ದಾರೆ. ಬಡತನ ಇಲ್ಲಿ ವೇಷವಲ್ಲ. ಅದಕ್ಕೇ ಈ ನಾಟಕಗಳನ್ನು ಗಟ್ಟಿಯಾಗಿ ವಿಮರ್ಶಿಸಬೇಕು.

ಈ ಪರಂಪರೆಯ ದೊಡ್ಡ ಹೆಸರು ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿ. ದುಡ್ಡಿನ ದರ್ಪ ಮನೆಯ ಹೊಸ್ತಿಲು ದಾಟಿ ಒಳಗೆ ಬಂದು ಗಂಡ-ಹೆಂಡತಿ, ಅಣ್ಣ-ತಮ್ಮಂದಿರ ನಡುವೆ ಕೂರುವುದನ್ನು ಅವರಷ್ಟು ಬಲ್ಲವರು ಕಡಿಮೆ. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜ್‌ಕುಮಾರ್, ಮಂಜುಳಾ ಅಭಿನಯದಲ್ಲಿ ಸಿನಿಮಾ ಆಯಿತು. ಬಡವ ಸಿರಿವಂತನ ಎದುರು ತಲೆ ಎತ್ತಿ ನಿಲ್ಲುವ ಕಥೆ ಅದು. ಆದರೆ ಆ ಗೆಲುವಿನಲ್ಲಿ ಒಂದು ತೊಡಕಿದೆ. ಸಂಪತ್ತಿನ ಸೊಕ್ಕು ಮುರಿಯುವಾಗ ಹೆಣ್ಣಿನ ಸೊಕ್ಕೂ ಮುರಿಯಬೇಕು. ಚಪ್ಪಾಳೆ ಎರಡನೆಯದಕ್ಕೇ ಜೋರು. ನಾಯಕಿ ದುರ್ಗಿ ತಗ್ಗಿದಳೆಂದು ಹಿಗ್ಗುವ ಭರದಲ್ಲಿ ಸಾಲದ ಲೆಕ್ಕ ಮರೆತೇಹೋಗುತ್ತದೆ.

ಆ ಅಭ್ಯಾಸ ಇವತ್ತಿನ ಹಳ್ಳಿ ನಾಟಕಗಳಲ್ಲೂ ಉಳಿದಿದೆ. ಬಡತನದ ಬಗ್ಗೆ ಸಂಭಾಷಣೆ ಗಂಡಸಿನದು, ಬಡತನ ಹೊರುವುದು ಹೆಂಗಸು. ಕೊನೆಯ ಅಂಕದಲ್ಲಿ ಕುಡುಕ ಗಂಡ ಅತ್ತು ಕಾಲಿಗೆ ಬಿದ್ದರೆ ಆಕೆ ಕ್ಷಮಿಸಲೇಬೇಕು.

ಆ ಕ್ಷಮೆಯನ್ನು ಅಭಿನಯಿಸುವವಳು ಯಾರು? ಊರ ಹೆಣ್ಣುಮಕ್ಕಳು ರಂಗ ಏರುವುದು ಅಪರೂಪವಾದ್ದರಿಂದ ಬೇರೆ ಊರಿನಿಂದ ಕರೆಸಿದ ವೃತ್ತಿ ಕಲಾವಿದೆ. ಹತ್ತಾರು ನಾಟಕಗಳ ಮಾತು ಬಾಯಿಪಾಠ. ಜೊತೆಗೆ ಆಡುವವರ ಮುಖ ಆವತ್ತೇ ಪರಿಚಯ. ಎದುರಿನವನು ಮಾತು ಮರೆತರೆ ತಾನೇ ಎತ್ತಿಕೊಟ್ಟು ದೃಶ್ಯ ಉಳಿಸುತ್ತಾಳೆ. ಇಂಥ ಎಷ್ಟೋ ಕಲಾವಿದೆಯರು ಇದೇ ಸಂಬಳದಲ್ಲಿ ತಮ್ಮ ಮನೆ ನಡೆಸುವವರು. ದುಡಿದು ತರುವ ಹೆಣ್ಣು, ಕೂತು ಉಣ್ಣುವ ಗಂಡನ ಕಾಲಡಿಯ ಹೆಂಡತಿಯಾಗಿ ನಿಲ್ಲುತ್ತಾಳೆ. ಆಕೆಗಿರುವ ತಿಳಿವಳಿಕೆ ಆಕೆಯ ಸಂಭಾಷಣೆಗಿಲ್ಲ ಎಂಬುದೇ ನನ್ನ ತಕರಾರು.

ಬೇರೆ ದಾರಿ ಇಲ್ಲವೆಂದಲ್ಲ. 1924ರಲ್ಲಿ ಡಬ್ಲಿನ್ನಿನ ಆಬಿ ರಂಗಮಂದಿರದಲ್ಲಿ ಶಾನ್ ಓಕೇಸಿಯ ‘ಜೂನೋ ಅಂಡ್ ದ ಪೇಕಾಕ್’ ಆಡಿದರು. ಓಕೇಸಿ ಸ್ವತಃ ಕೂಲಿ ಮಾಡಿ ಬದುಕಿದವನು. ಅಲ್ಲೂ ನಮ್ಮ ನಾಟಕದ ಸಂಸಾರವೇ: ಕೆಲಸವೆಂದರೆ ಕಾಲುನೋವು ಎನ್ನುವ ಕುಡುಕ ಗಂಡ, ದುಡಿದು ಮನೆ ನಡೆಸುವ ಜೂನೋ, ಬರುತ್ತದೆಂದು ನಂಬಿಸಿ ಸಾಲ ಮಾಡಿಸಿ ಕೊನೆಗೆ ಬಾರದೆ ಹೋಗುವ ಆಸ್ತಿ, ಮೋಸಹೋಗಿ ಬಸಿರಾದ ಮಗಳು. ಆದರೆ ಜೂನೋ ಗಂಡನನ್ನು ತಿದ್ದುತ್ತ ಕೂರುವುದಿಲ್ಲ. ಮಗಳನ್ನು ಕರೆದುಕೊಂಡು ಮನೆ ಬಿಡುತ್ತಾಳೆ; ಹುಟ್ಟುವ ಕೂಸಿಗೆ ಅಪ್ಪನಿಲ್ಲದಿದ್ದರೆ ಇಬ್ಬರು ತಾಯಂದಿರಿರುತ್ತಾರೆ ಎನ್ನುವುದು ಅವಳ ನಿಲುವು.

ನಮ್ಮ ಅತ್ತಿಗೆಯೂ ಮನೆ ಬಿಡಲೇಬೇಕೆಂದು ನಾನು ಹೇಳುತ್ತಿಲ್ಲ. ಇದ್ದರೂ ಲೆಕ್ಕ ಕೇಳಲಿ: ದುಡಿದವರು ಯಾರು, ಉಂಡವರು ಯಾರು, ಹೊಲ ಯಾರ ಹೆಸರಿಗಿದೆ? ಈ ಸೀಮೆಯಲ್ಲಿ ಬರೆಯುವವರಿಗೂ ಆಡಿಸುವ ಮಾಸ್ತರರಿಗೂ ನನ್ನ ವಿನಂತಿ ಇಷ್ಟೆ. ಈ ಸಲದ ತಾಲೀಮಿನಲ್ಲಿ ಕೊನೆಯ ಅಂಕವನ್ನು ಇನ್ನೊಮ್ಮೆ ಓದಿ. ಕಲಾವಿದೆಯನ್ನು ನಾಲ್ಕು ದಿನ ಮುಂಚೆ, ಆ ದಿನಗಳ ಸಂಬಳ ಕೊಟ್ಟೇ ಕರೆಸಿ, ಆ ಮಾತುಗಳನ್ನು ಆಕೆಯೊಂದಿಗೆ ಕೂತು ತಿದ್ದಿ. ಕ್ಷಮೆ ಬರುವುದಾದರೆ ಆಕೆಯ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಬರಲಿ.