ಸ್ಥಿತಿಸ್ಥಾಪಕತ್ವ: ಮನಸ್ಸಿಗೂ ಒಂದು ಮಿತಿ

ಸ್ಪ್ರಿಂಗಿಗೆ ತೂಕ ತೂಗುಹಾಕಿದರೆ ಅದು ಹಿಗ್ಗುತ್ತದೆ. ತೂಕ ತೆಗೆದರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಈ ಗುಣವೇ ಸ್ಥಿತಿಸ್ಥಾಪಕತ್ವ. ಭೌತವಿಜ್ಞಾನದ ತರಗತಿಯಲ್ಲಿ ನೀವು ಇದನ್ನು ಕಲಿತಿದ್ದೀರಿ, ಕಲಿಸಿಯೂ ಇದ್ದೀರಿ. ಮನೋವಿಜ್ಞಾನ ಈ ಪದವನ್ನು ಎರವಲು ಪಡೆದು, ಕಷ್ಟದಲ್ಲಿ ಕುಗ್ಗಿದ ಮನಸ್ಸು ಚೇತರಿಸಿಕೊಳ್ಳುವ ಸಾಮರ್ಥ್ಯಕ್ಕೆ ಬಳಸುತ್ತಿದೆ. ವೈದ್ಯಕೀಯ ಕಾಲೇಜುಗಳ ಅಧ್ಯಾಪಕರಲ್ಲಿ ಈ ಸಾಮರ್ಥ್ಯವನ್ನು ತರಬೇತಿಯಿಂದ ಬೆಳೆಸಬೇಕೆಂಬ ಮಾತು ಈಗ ಕೇಳಿಬರುತ್ತಿದೆ. ಆದರೆ ಪದ ಎರವಲು ಬಂದಾಗ ಅದರ ಎರಡು ಷರತ್ತುಗಳು ಹಿಂದೆಯೇ ಉಳಿದಿವೆ. ಹೊರೆ ಮಿತಿಯೊಳಗೆ ಇರಬೇಕು. ಹೊರೆಯನ್ನು ಎಂದಾದರೂ ಇಳಿಸಬೇಕು.

ಈ ಸಾಮರ್ಥ್ಯವನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವ ಮಾಪಕಗಳಲ್ಲಿ ಒಂದನ್ನು ಕಾನರ್ ಮತ್ತು ಡೇವಿಡ್‌ಸನ್ 2003ರಲ್ಲಿ ಪ್ರಕಟಿಸಿದರು. ಅದರಲ್ಲಿ 25 ಹೇಳಿಕೆಗಳಿವೆ. ಪ್ರತಿಯೊಂದಕ್ಕೆ 0ಯಿಂದ 4 ಅಂಕ, ಒಟ್ಟು 100. ಬದಲಾವಣೆಗೆ ಹೊಂದಿಕೊಳ್ಳುವುದು, ಬದುಕಿಗೊಂದು ಗುರಿ ಇರುವುದು ಮುಂತಾದ ವ್ಯಕ್ತಿಗತ ವಿಷಯಗಳನ್ನು ಅದು ಕೇಳುತ್ತದೆ. ವಿಭಾಗದಲ್ಲಿ ಎಷ್ಟು ಹುದ್ದೆಗಳು ಖಾಲಿ, ವಾರಕ್ಕೆ ಎಷ್ಟು ರಾತ್ರಿಪಾಳಿ ಎಂದು ಕೇಳುವುದಿಲ್ಲ. ಇದು ಮಾಪಕದ ದೋಷವಲ್ಲ. ಕಡಿಮೆ ಅಂಕ ಕಂಡೊಡನೆ ಕೊರತೆ ಅಧ್ಯಾಪಕರದೇ ಎಂದು ತೀರ್ಮಾನಿಸುವುದು ದೋಷ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಓದುಗರಿಗೆ ಈ ವಿಷಯ ದೂರದ್ದಲ್ಲ. ನಿಮ್ಮೂರಿನ ಆಸ್ಪತ್ರೆಯಲ್ಲಿ ನಿಭಾಯಿಸಲಾಗದ ರೋಗಿಯನ್ನು ಕಲಬುರಗಿಗೆ ಒಯ್ಯುತ್ತಾರೆ. ಅಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲಿ, ಸರ್ಕಾರಿ ಕಾಲೇಜಾದ ಜಿಮ್ಸ್ 2013ರಲ್ಲಿ ಆರಂಭವಾದವು. ಇಂಥ ಕಾಲೇಜು ಆಸ್ಪತ್ರೆಗಳಲ್ಲಿ ಚಿಕಿತ್ಸೆ ನೀಡುವ ವೈದ್ಯರೇ ಅಧ್ಯಾಪಕರು; ಸಂಶೋಧನಾ ಲೇಖನ ಬರೆಯಬೇಕಾದವರೂ ಅವರೇ. ಭಾರತದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ಕಲಬುರಗಿಯಲ್ಲಿ. ಆಮೇಲೆ ದೇಶದೆಲ್ಲೆಡೆ ವೈದ್ಯಕೀಯ ಅಧ್ಯಾಪಕರ ಹೆಗಲಿಗೆ ಕೋವಿಡ್ ವಾರ್ಡಿನ ಕೆಲಸದ ಜೊತೆಗೆ ಆನ್‌ಲೈನ್ ಪಾಠವೂ ಬಿತ್ತು.

ಅಧ್ಯಾಪಕರ ತರಬೇತಿಯಿಂದ ಲಾಭವಿಲ್ಲವೆಂದಲ್ಲ. ವೈದ್ಯ ಪದವಿ ರೋಗ ಗುರುತಿಸಲು ಕಲಿಸುತ್ತದೆ, ಪಾಠ ಹೇಳಲು ಅಲ್ಲ. ಆ ಕೊರತೆ ನೀಗಲು ಭಾರತೀಯ ವೈದ್ಯಕೀಯ ಮಂಡಳಿ 2009ರಿಂದ ಮೂಲ ತರಬೇತಿಯನ್ನು ವ್ಯವಸ್ಥಿತವಾಗಿ ನಡೆಸಿತು. 2019ರ ಹೊಸ ಪಠ್ಯಕ್ರಮ ಮನೋಭಾವ, ನೀತಿ, ಸಂವಹನಗಳನ್ನೂ ಎಂ.ಬಿ.ಬಿ.ಎಸ್. ಕಲಿಕೆಯೊಳಗೆ ತಂದಿತು. ರೋಗಿಯ ಅಳಲನ್ನು ಸಹನೆಯಿಂದ ಕೇಳುವುದನ್ನು ವಿದ್ಯಾರ್ಥಿ ಪುಸ್ತಕದಿಂದ ಕಲಿಯುವುದಿಲ್ಲ, ಅಧ್ಯಾಪಕರನ್ನು ನೋಡಿ ಕಲಿಯುತ್ತಾನೆ. ದಣಿದು ಸಿಡುಕುವ ಗುರುವಿನಿಂದ ಅವನು ಕಲಿಯುವುದು ಸಿಡುಕನ್ನೇ. ತರಬೇತಿಗೆ ಹೋದವರ ಪಾಳಿಯನ್ನು ಬೇರೆಯವರಿಗೆ ವಹಿಸದಿದ್ದರೆ ತರಬೇತಿಯೂ ಮತ್ತೊಂದು ಹೊರೆಯಾಗುತ್ತದೆ.

ಪುರಾವೆಯೂ ಈ ಕಡೆಗೇ ಬೆರಳು ಮಾಡುತ್ತದೆ. ವೈದ್ಯರ ವೃತ್ತಿದಣಿವು ತಗ್ಗಿಸುವ 19 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಯಿತು. ವ್ಯಕ್ತಿಯನ್ನು ತಿದ್ದುವ ಕ್ರಮಗಳಿಂದ ಸಿಕ್ಕ ಪರಿಣಾಮ ಚಿಕ್ಕದು. ಪಾಳಿ, ಕೆಲಸದ ಹೊರೆಗಳಂಥ ಸಂಸ್ಥೆಯ ವ್ಯವಸ್ಥೆಯನ್ನು ತಿದ್ದಿದಾಗ ಅದಕ್ಕಿಂತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಜಾರಿಗೆ ಬಂದ ತನ್ನ ರೋಗ ವರ್ಗೀಕರಣದಲ್ಲಿ ವೃತ್ತಿದಣಿವನ್ನು ರೋಗವೆನ್ನದೆ ಉದ್ಯೋಗ ಸಂಬಂಧಿ ವಿದ್ಯಮಾನ ಎಂದಿದೆ.

ಶಹಾಬಾದಿನ ಕಲ್ಲುಚಪ್ಪಡಿಯನ್ನು ನೋಡಿ. ಮರಳು ಹಾಸಿ ಸಮನಾಗಿ ಕೂಡಿಸಿದರೆ ಅದು ವರ್ಷಗಟ್ಟಲೆ ತುಳಿತ ತಾಳುತ್ತದೆ. ಅಡಿಯಲ್ಲಿ ಪೊಳ್ಳು ಬಿಟ್ಟರೆ ಅದೇ ಕಲ್ಲು ಒಡೆಯುತ್ತದೆ. ಒಡೆದಾಗ ಕಲ್ಲನ್ನು ದೂರುವ ಮೊದಲು ಗೌಂಡಿ ಹಾಸು ನೋಡುತ್ತಾನೆ.

ಆದ್ದರಿಂದ ಮನೋಬಲದ ತರಬೇತಿಯ ವರದಿ ಕೈಗೆ ಬಂದಾಗ ಅಂಕ ಎಷ್ಟು ಏರಿತು ಎಂದಷ್ಟೇ ನೋಡಬೇಡಿ. ಖಾಲಿ ಹುದ್ದೆ ತುಂಬಿದವೇ, ಪಾಳಿಯ ನಂತರ ಬಿಡುವು ದೊರೆಯಿತೇ, ಹೆಸರು ಬಯಲಾಗದಂತೆ ಆಪ್ತಸಲಹೆ ಪಡೆಯುವ ಅನುಕೂಲವಿದೆಯೇ ಎಂದೂ ಕೇಳಿ. ಶಾಲಾ ಶಿಕ್ಷಕರಾದ ನಿಮ್ಮ ತರಬೇತಿಗಳಿಗೂ ಇದೇ ಪ್ರಶ್ನೆಗಳು ಒಪ್ಪುತ್ತವೆ.