ನರಸಾಪುರದ ಫೋನು, ಮುಳಬಾಗಿಲಿನ ಬಿಳಿ ಗೂಡು

ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ತಯಾರಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೆಮ್ಮೆ. ಮಾಲೂರು, ಮುಳಬಾಗಿಲಿನ ಮಕ್ಕಳಿಗೆ ಅಲ್ಲಿ ಸಂಬಳ ಹುಟ್ಟಿದೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ನಡೆಯುವುದು ಜೋಡಣೆ. ಫೋನಿನ ಮಿದುಳಾದ ಚಿಪ್ಪೂ ಅದನ್ನು ಆಡಿಸುವ ಸಾಫ್ಟ್‌ವೇರೂ ಇಲ್ಲಿ ಹುಟ್ಟಿದವಲ್ಲ.

ಈ ಕಾರ್ಖಾನೆಯನ್ನು ಯಾವ ಪ್ರಾದೇಶಿಕ ಒಪ್ಪಂದವೂ ಕರೆತರಲಿಲ್ಲ. ಕಟ್ಟಿದ ವಿಸ್ಟ್ರಾನ್ ಕಂಪನಿ ತೈವಾನಿನದು. ತೈವಾನಿನ ಜೊತೆ ನಮಗೆ ಮುಕ್ತ ವ್ಯಾಪಾರ ಒಪ್ಪಂದವಿಲ್ಲ. ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಕೂಟಕ್ಕೆ ಸೇರುವುದಿಲ್ಲವೆಂದು ಭಾರತ 2019ರ ನವೆಂಬರಿನಲ್ಲೇ ಹೇಳಿ ಎದ್ದು ಬಂದಿತ್ತು. ಎಳೆದು ತಂದದ್ದು ಆಮದು ಫೋನಿನ ಮೇಲಿನ ಶೇ. 20ರ ಸುಂಕ; 2020ರ ಉತ್ಪಾದನಾ ಪ್ರೋತ್ಸಾಹಧನ ಆಮೇಲೆ ಜೊತೆಗೂಡಿತು. ಆ ಸುಂಕ ಭಾರತ ಕೊಟ್ಟ ಮಾತಿಗೆ ವಿರುದ್ಧವೆಂದು 2023ರ ಏಪ್ರಿಲ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ ಹೇಳಿತು. ದೂರು ಕೊಟ್ಟವರಲ್ಲಿ ತೈವಾನೂ ಇತ್ತು! 2020ರ ಡಿಸೆಂಬರ್ 12ರಂದು ಸಂಬಳದ ಸಿಟ್ಟಿಗೆ ಕಾರ್ಖಾನೆಯ ಗಾಜು ಪುಡಿಯಾಯಿತು; 2023ರಲ್ಲಿ ಟಾಟಾ ಕೊಂಡಿತು. ಯಜಮಾನ ಬದಲಾದ. ವಿನ್ಯಾಸ ಮಾತ್ರ ಕ್ಯಾಲಿಫೋರ್ನಿಯಾದಲ್ಲೇ ಉಳಿಯಿತು.

ಹಾಗಾದರೆ ಒಪ್ಪಂದ ಮಾಡಿಕೊಂಡಿದ್ದರೆ ವಿದ್ಯೆ ಬರುತ್ತಿತ್ತೇ? ನನಗೆ ನಂಬಿಕೆಯಿಲ್ಲ. ಪೆಸಿಫಿಕ್ ದೇಶಗಳ ಸಿಪಿಟಿಪಿಪಿ ಒಪ್ಪಂದದ 14.17ನೇ ವಿಧಿ ನೋಡಿ: ಸಾಫ್ಟ್‌ವೇರಿನ ಮೂಲ ಸಂಕೇತ ಕೊಟ್ಟರಷ್ಟೇ ಮಾರಲು ಬಿಡುತ್ತೇವೆ ಎಂದು ಸರ್ಕಾರ ಕೇಳುವಂತಿಲ್ಲ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದಾಗ ಅಂಥದೇ ಮಾತಿಗೆ ನಾವೂ ಒಪ್ಪಿದೆವು. ಸರಕಿಗೆ ಬಾಗಿಲು ತೆರೆಯುವ ಕಾಗದ ವಿದ್ಯೆಗೆ ಬೀಗ ಹಾಕುತ್ತದೆ.

ವಿದ್ಯೆ ದಾಟಿಬಂದ ಬಗೆ ನೋಡಬೇಕಾದರೆ ಶ್ರೀನಿವಾಸಪುರ, ಮುಳಬಾಗಿಲ ಕಡೆಯ ರೇಷ್ಮೆ ಶೆಡ್ಡಿಗೆ ಹೋಗಬೇಕು. 1991ರಲ್ಲಿ ಜಪಾನಿನ ಜೈಕಾ ನೆರವಿನ ಯೋಜನೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಶುರುವಾಯಿತು. ಜಪಾನಿನ ರೇಷ್ಮೆಹುಳು ತಳಿಗಳಿಂದ ಇಲ್ಲಿನ ಬಿಸಿಲಿಗೆ ಒಗ್ಗುವ ಸಿಎಸ್‌ಆರ್2, ಸಿಎಸ್‌ಆರ್4 ಎಂಬ ತಳಿಗಳು ಹುಟ್ಟಿದವು. ಮೊಟ್ಟೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ: ಚಾಕಿಯ ಎಳೆ ಹುಳುವಿಗೆ ಎಷ್ಟು ಬಿಸಿ, ನಾಲ್ಕನೇ ಜ್ವರದಿಂದ (ಪೊರೆ ಕಳಚುವ ನಿದ್ದೆಯಿಂದ) ಎದ್ದ ಮೇಲೆ ಎಷ್ಟು ಗಾಳಿ, ಶೆಡ್ಡು ತೊಳೆಯುವುದು ಹೇಗೆ, ಎಲೆ ಬಿಡಿಸದೆ ಕಡ್ಡಿಸಮೇತ ಸೊಪ್ಪು ಹಾಕುವುದು ಹೇಗೆ ಎಂದು ರೈತರ ಮನೆಬಾಗಿಲಲ್ಲೇ ಕಲಿಸಿದರು. ಹಳದಿ ಗೂಡಿನ ನಾಡಿನಲ್ಲಿ ಈ ಹೊಸ ತಳಿಗಳ ಬಿಳಿ ಗೂಡು ಬಿತ್ತು. ಅಗ್ಗದ ಚೀನಾ ರೇಷ್ಮೆ ಬಂದು ಗೂಡಿನ ದರ ಮುರಿದ ವರ್ಷಗಳಲ್ಲಿ ಎಷ್ಟೋ ಮಂದಿ ಹಿಪ್ಪುನೇರಳೆ ಕಿತ್ತರು, ನಿಜ. ಕಲಿತದ್ದನ್ನು ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ.

ಹುಳು ಸಾಕುವ ಅಪ್ಪ ಮಗಳಿಗೆ ಮೊಟ್ಟೆಯಿಂದ ಗೂಡಿನವರೆಗೆ ಪೂರ್ತಿ ಕಲಿಸಬಲ್ಲ. ನರಸಾಪುರದ ಸಾಲಿನಲ್ಲಿ ಫೋನಿನ ಒಂದೇ ಒಂದು ತಿರುಪುಮೊಳೆ ಬಿಗಿದು, ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ಬರುವ ಆ ಮಗಳು ತಂಗಿಗೆ ಏನು ಕಲಿಸಿಯಾಳು?