ಕಾನೂರಿನ ದಾರಿಯಲ್ಲಿ ಮುತ್ತಳ್ಳಿ

೧೯೩೬ರಲ್ಲಿ ಪ್ರಕಟವಾದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಮಲೆನಾಡಿನ ಜೀವನಚಿತ್ರವೆಂದು ಓದುವುದು ರೂಢಿ. ಕೃತಿಯ ಹೆಸರು ಸುಬ್ಬಮ್ಮನಿಗೆ ಸಂದಿದ್ದರೂ, ಹೂವಯ್ಯ ಸೀತೆಯರ ಪ್ರಣಯವು ಅದರಲ್ಲಿ ಹುಟ್ಟುವ ರೀತಿಯು ಪ್ರತ್ಯೇಕ ವಿಮರ್ಶೆಗೆ ಅರ್ಹವಾದುದು.

ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯನು ಚಿಕ್ಕಯ್ಯನ ಮಗ ರಾಮಯ್ಯನೊಡನೆ ತೀರ್ಥಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಊರಿಗೆ ಹೊರಡುತ್ತಾನೆ. ಆದರೆ ಊರನ್ನು ಮುಟ್ಟುವುದಿಲ್ಲ. ದಾರಿಯಲ್ಲಿ ಗಾಡಿ ಉರುಳಿ, ಪೆಟ್ಟುಬಿದ್ದು, ಮುತ್ತಳ್ಳಿಯ ಶ್ಯಾಮಯ್ಯಗೌಡರ ಮನೆಯಲ್ಲಿ ಮಲಗಬೇಕಾಗುತ್ತದೆ. ಬಾಲ್ಯದಿಂದ ಬಲ್ಲ ಸೀತೆಯನ್ನು ಯುವತಿಯಾಗಿ ಕಾಣುವುದು ಅಲ್ಲಿಯೇ. ಹುಟ್ಟಿದ ಮನೆಯಲ್ಲಿ ಚಂದ್ರಯ್ಯಗೌಡರ ದರ್ಪವೂ ಪಾಲಿನ ಜಗಳವೂ ಕಾದಿರುವಾಗ, ಪ್ರೇಮವು ನೆಂಟರ ಮನೆಯ ಹಾಸಿಗೆಯ ಬಳಿ ಮೊಳೆಯುತ್ತದೆ. ಈ ಅಪಘಾತವನ್ನು ಕಥೆಗಾರರ ಸುಲಭೋಪಾಯವೆಂದು ತಳ್ಳುವುದು ತರವಲ್ಲ. ಆರೋಗ್ಯವಾಗಿ ಬಂದಿದ್ದರೆ ಪುಸ್ತಕಪ್ರಿಯನಾದ ಹೂವಯ್ಯನು ಆಕೆಯನ್ನು ನೋಡಿಯೂ ನೋಡದೆ ಕಾನೂರಿಗೆ ನಡೆದುಬಿಡಬಹುದಾಗಿತ್ತು. ಅಸಹಾಯನಾಗಿ ಮಲಗಿದುದರಿಂದಲೇ ಹಳೆಯ ಸಲಿಗೆಗೆ ಹೊಸ ಅರ್ಥವು, ಮಾತಿನ ಹಂಗಿಲ್ಲದೆ, ಒದಗಿತು. ಕಾದಂಬರಿಯ ಅತ್ಯಂತ ಸಹಜವಾದ ಪುಟಗಳಲ್ಲಿ ಇವೂ ಸೇರತಕ್ಕವು.

ತೃಪ್ತಿ ಕೊಡದಿರುವುದು ಮುಂದಿನ ಭಾಗ. ಗೌಡರ ಹಟದಿಂದ ಸೀತೆಗೆ ರಾಮಯ್ಯನೊಡನೆ ವಿವಾಹವಾದ ಮೇಲೆ ಹೂವಯ್ಯನ ಅನುರಾಗವು ಕ್ರಮೇಣ ತಪಸ್ಸಿನ ಕಡೆಗೆ ತಿರುಗುತ್ತದೆ. ಆ ಔನ್ನತ್ಯಕ್ಕೆ ಅವನಿಗೆ ವಿದ್ಯೆಯ ಬೆಂಬಲವಿದೆ, ಗ್ರಂಥಗಳ ಬೆಂಬಲವಿದೆ, ಸೀತೆಗೆ ಏನಿದೆ? ಆಕೆಯದು ಮೈಮನಗಳೆರಡನ್ನೂ ಹಿಂಡುವ ಸಂಕಟ. ಹೂವಯ್ಯನ ಆತ್ಮೋನ್ನತಿಯನ್ನು ಅನುಸರಿಸಿದಷ್ಟೇ ಆಸ್ಥೆಯಿಂದ ಆ ಸಂಕಟವನ್ನೂ ಕಡೆಯವರೆಗೆ ಅನುಸರಿಸಿದ್ದರೆ, ಮುತ್ತಳ್ಳಿಯ ಆ ದಿನಗಳು ಕಥೆಯಲ್ಲಿ ಇಬ್ಬರಿಗೂ ಸಮನಾಗಿ ಸಲ್ಲುತ್ತಿದ್ದುವು.